ಕರ್ರ್ ಎನ್ನುವುದು ಗೇರಲ್ಲ, ರಿಂಗು

ಶಿರಾಡಿ ಘಾಟಿ ಹತ್ತುತ್ತಿದ್ದೆ. ತಿರುವು ಮುಗಿದು ರಸ್ತೆ ಸ್ವಲ್ಪ ಬಿಚ್ಚಿಕೊಂಡಲ್ಲಿ ಎರಡರಿಂದ ಮೂರನೇ ಗೇರಿಗೆ ಹಾಕಿದಾಗಲೆಲ್ಲ ಕಾರು 'ಕರ್ರ್' ಅನ್ನುತ್ತಿತ್ತು. ಬೇರೆ ಯಾವ ಗೇರಿಗೂ ಆ ಸದ್ದಿಲ್ಲ. ಸಕಲೇಶಪುರ ಮುಟ್ಟಿದ ಮೇಲೆ ಒಂದು ಗ್ಯಾರೇಜಿಗೆ ಬಿಟ್ಟೆ. ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ಬಂದು, "ಗೇರ್ ಹಲ್ಲು ಸರಿ ಇದೆ ಸಾರ್, ಥರ್ಡ್ ಗೇರ್ ರಿಂಗ್ ಹೋಗಿದೆ" ಅಂದರು. ಗೇರ್ ಬಾಕ್ಸ್ ಬಿಚ್ಚಿ ನೋಡಿದಾಗ ಅವರು ಹೇಳಿದ್ದೇ ನಿಜವಾಗಿತ್ತು.

ಗೇರ್ ಬದಲಿಸುವಾಗ ಒಳಗಿನ ಹಲ್ಲಿನ ಚಕ್ರಗಳು ಒಂದನ್ನು ಬಿಟ್ಟು ಇನ್ನೊಂದಕ್ಕೆ ತಗುಲಿಕೊಳ್ಳುತ್ತವೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಇಂದಿನ ಮ್ಯಾನುಯಲ್ ಕಾರುಗಳಲ್ಲಿ ಹಾಗಲ್ಲ. ಮುಂದಕ್ಕೆ ಓಡಿಸುವ ಎಲ್ಲ ಜೋಡಿ ಗೇರುಗಳೂ ಸದಾ ಒಂದಕ್ಕೊಂದು ಹಲ್ಲು ಕಚ್ಚಿಕೊಂಡೇ ತಿರುಗುತ್ತವೆ. ಆದರೆ ಪ್ರತಿ ಜೋಡಿಯಲ್ಲೂ ಒಂದು ಗೇರು ತನ್ನ ಶಾಫ್ಟಿನ ಮೇಲೆ, ಮಣಿಕಟ್ಟಿನಲ್ಲಿ ಬಳೆ ತಿರುಗಿದ ಹಾಗೆ, ಸುಮ್ಮನೆ ಸುತ್ತುತ್ತಿರುತ್ತದೆ. ನಾವು ಗೇರ್ ರಾಡ್ ದೂಡಿದಾಗ ಸರಿಯುವುದು ಆ ಶಾಫ್ಟಿನ ಜೊತೆಗೇ ತಿರುಗುವ ಒಂದು ಸ್ಲೀವ್. ಅದು ಹೋಗಿ ಬೇಕಾದ ಬಳೆಯನ್ನು ಶಾಫ್ಟಿಗೆ ಬಿಗಿಯುತ್ತದೆ. ಗೇರ್ ಬಿತ್ತು ಎಂದರೆ ಇಷ್ಟೇ.

ಬಿಗಿಯಬೇಕಾದರೆ ಎರಡರ ವೇಗವೂ ಒಂದಾಗಬೇಕು. ಸಣ್ಣ ಪೆಟ್ರೋಲ್ ಕಾರೊಂದು ಎರಡನೇ ಗೇರಿನಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದರೆ ಎಂಜಿನ್ ನಿಮಿಷಕ್ಕೆ ಸುಮಾರು 3000 ಸುತ್ತು ತಿರುಗುತ್ತಿರುತ್ತದೆ. ಅದೇ ವೇಗಕ್ಕೆ ಮೂರನೇ ಗೇರಿನಲ್ಲಿ ಸುಮಾರು 2000 ಸುತ್ತು ಸಾಕು. ಕ್ಲಚ್ ಒತ್ತಿ ಗೇರ್ ಹಾಕುವ ಅರ್ಧ ಸೆಕೆಂಡಿನಲ್ಲಿ ಕ್ಲಚ್ ಪ್ಲೇಟ್, ಇನ್‌ಪುಟ್ ಶಾಫ್ಟ್, ಅದಕ್ಕೆ ತಗುಲಿಕೊಂಡ ಗೇರುಗಳೆಲ್ಲ ಆ ಮಟ್ಟಕ್ಕೆ ಇಳಿಯಬೇಕು. ಹೊರಟ ಬಸ್ಸಿನ ಪಕ್ಕದಲ್ಲೇ ನಾಲ್ಕು ಹೆಜ್ಜೆ ಓಡಿ, ಆಮೇಲೆ ಫುಟ್‌ಬೋರ್ಡಿಗೆ ಕಾಲಿಡುತ್ತಾರಲ್ಲ, ಆ ನಾಲ್ಕು ಹೆಜ್ಜೆಯ ಕೆಲಸ ಮಾಡುವುದು ಸಿಂಕ್ರೊನೈಸರ್ ರಿಂಗ್ ಎಂಬ ಹಿತ್ತಾಳೆಯ ಉಂಗುರ. ಅದು ಗೇರಿನ ಕೋನ್ ಮೇಲೆ ಉಜ್ಜಿ, ಪುಟ್ಟ ಬ್ರೇಕಿನಂತೆ ವೇಗ ಹೊಂದಿಸುತ್ತದೆ. ಅಮೆರಿಕದ ಅರ್ಲ್ ಥಾಂಪ್ಸನ್ ರೂಪಿಸಿದ ಈ ವ್ಯವಸ್ಥೆ 1928ರಲ್ಲಿ ಕ್ಯಾಡಿಲಾಕ್ ಕಾರುಗಳಿಗೆ ಬಂತು. ಅದಿಲ್ಲದ ಗಾಡಿಗಳನ್ನು ಓಡಿಸಿದ ಹಳೆಯ ಲಾರಿ ಚಾಲಕರು ಡಬಲ್ ಕ್ಲಚ್ ಒತ್ತಿ, ನಡುವೆ ಆಕ್ಸಿಲರೇಟರ್ ಕೊಟ್ಟು, ಈ ಹೊಂದಾಣಿಕೆಯನ್ನು ಕಿವಿಯಿಂದಲೇ ಮಾಡುತ್ತಿದ್ದರು. ಅದು ನಿಜವಾದ ವಿದ್ಯೆ.

ಮೆಕ್ಯಾನಿಕ್ ನನ್ನ ಕೈಗೆ ಎರಡು ರಿಂಗ್ ಕೊಟ್ಟರು. ಹೊಸದರ ಒಳಮೈಯಲ್ಲಿ ಸಣ್ಣ ಸಣ್ಣ ಗೀರುಗಳಿದ್ದವು, ಉಗುರಿಗೆ ತಾಗುವಷ್ಟು ಹರಿತ. ಅವು ಎಣ್ಣೆಯ ಪೊರೆಯನ್ನು ಕತ್ತರಿಸಿ ಕೋನನ್ನು ಹಿಡಿಯುತ್ತವೆ. ಗೇರಿನ ಮೇಲಿಟ್ಟು ಒತ್ತಿ ತಿರುಗಿಸಿದರೆ ಗಪ್ಪನೆ ಕಚ್ಚಿಕೊಂಡಿತು. ನನ್ನ ಕಾರಿನದು ಒಳಗೆ ಕನ್ನಡಿಯಂತೆ ನುಣುಪಾಗಿತ್ತು. ಒತ್ತಿದರೂ ಜಾರುತ್ತಲೇ ಇತ್ತು. ವೇಗ ಹೊಂದುವ ಮೊದಲೇ ಸ್ಲೀವ್ ಹೋಗಿ ಗೇರಿನ ಪಕ್ಕದ ಪುಟಾಣಿ ಹಲ್ಲುಗಳಿಗೆ ಬಡಿಯುತ್ತಿತ್ತು. ಕರ್ರ್ ಎಂದದ್ದು ಅದೇ.

ರಿಂಗ್ ಇಷ್ಟು ಬೇಗ ಏಕೆ ಸವೆಯಿತು? ಕಾರಣ ಗೇರ್ ಬಾಕ್ಸಿನ ಹೊರಗಿತ್ತು. ಕ್ಲಚ್ ಕೇಬಲ್ ಸಡಿಲವಾಗಿ, ಪೆಡಲ್ ಪೂರ್ತಿ ಒತ್ತಿದರೂ ಪ್ಲೇಟ್ ಪೂರ್ತಿ ಬಿಡುತ್ತಿರಲಿಲ್ಲ. ಬರೀ ಶಾಫ್ಟನ್ನು ನಿಧಾನಿಸಬೇಕಾದ ಉಂಗುರ ಎಂಜಿನ್ನಿನ ಜೊತೆಗೇ ಹೆಣಗಾಡಬೇಕಾಯಿತು. ಕ್ಲಚ್ ಅರ್ಧ ಒತ್ತಿ ಗೇರ್ ಹಾಕುವವರ ಕಾರಿನಲ್ಲೂ ಇದೇ ಆಗುತ್ತದೆ. ಎಲ್ಲ ಗೇರಿಗೂ, ಅದರಲ್ಲೂ ರಿವರ್ಸಿಗೆ, ಸದ್ದು ಬರುತ್ತಿದ್ದರೆ ಮೊದಲು ಕ್ಲಚ್ ನೋಡಿಸಿ. ಒಂದೇ ಗೇರಿಗೆ ಬಂದರೆ ಆ ಗೇರಿನ ರಿಂಗ್ ಮೇಲೆ ಅನುಮಾನ ಪಡಿ. ಬಹಳಷ್ಟು ಕಾರುಗಳಲ್ಲಿ ರಿವರ್ಸಿಗೆ ರಿಂಗೇ ಇರುವುದಿಲ್ಲ. ಗಾಡಿ ಪೂರ್ತಿ ನಿಂತು, ಕ್ಲಚ್ ಒತ್ತಿ ಎರಡು ಮೂರು ಸೆಕೆಂಡ್ ಬಿಟ್ಟು ಹಾಕಿದರೆ ಸದ್ದಿಲ್ಲದೆ ಬೀಳುತ್ತದೆ.

ಇನ್ನೆರಡು ಸದ್ದುಗಳನ್ನು ಮನೆಯಂಗಳದಲ್ಲೇ ಗುರುತಿಸಬಹುದು. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲಿ. ಕ್ಲಚ್ ಒತ್ತಿದಾಗ ಕೊರೆಯುವ ಸದ್ದು ಶುರುವಾದರೆ ರಿಲೀಸ್ ಬೇರಿಂಗ್. ಒತ್ತಿದಾಗ ನಿಂತು, ಬಿಟ್ಟಾಗ ಬಂದರೆ ಹೆಚ್ಚಾಗಿ ಇನ್‌ಪುಟ್ ಶಾಫ್ಟಿನ ಬೇರಿಂಗ್. ಓಡಿಸುವಾಗ ಎಡಗಾಲನ್ನು ಪೆಡಲ್ ಮೇಲೆ ಇಟ್ಟುಕೊಂಡೇ ಇರುವುದು ರಿಲೀಸ್ ಬೇರಿಂಗಿನ ಆಯುಷ್ಯ ತಿನ್ನುವ ಅಭ್ಯಾಸ. ಘಾಟಿಯ ಜಾಮಿನಲ್ಲಿ ಹಾಫ್ ಕ್ಲಚ್‌ನಲ್ಲೇ ಕಾರನ್ನು ನಿಲ್ಲಿಸಿಕೊಳ್ಳುವುದು ಅದಕ್ಕಿಂತ ಕೆಟ್ಟದ್ದು. ಪ್ಲೇಟ್ ಸುಟ್ಟ ವಾಸನೆ ಬಂದಾಗಲೇ ಅದರ ಲೈನಿಂಗ್ ಒಂದಷ್ಟು ಹೋಗಿರುತ್ತದೆ. ಹ್ಯಾಂಡ್ ಬ್ರೇಕ್ ಇರುವುದೇ ಅದಕ್ಕೆ.

ಕ್ಲಚ್ ಪ್ಲೇಟ್ ಹಾಕಲು ಗೇರ್ ಬಾಕ್ಸ್ ಇಳಿಸಲೇಬೇಕು. ಕೂಲಿ ಹೆಚ್ಚು ಬೀಳುವುದು ಅಲ್ಲಿಯೇ. ಹಾಗಾಗಿ ಇಳಿಸಿದ ಮೇಲೆ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೇ ಬದಲಿಸಿ, ಎಂಜಿನ್ ಹಿಂಬದಿಯ ಆಯಿಲ್ ಸೀಲ್ ಒಸರುತ್ತಿದೆಯೇ ನೋಡಿಸುವುದು ಜಾಣತನ.

ಇನ್ನು ಗೇರ್ ಆಯಿಲ್. ಎಂಜಿನ್ ಆಯಿಲನ್ನು ಎಲ್ಲರೂ ನೆನಪಿಡುತ್ತಾರೆ, ಇದನ್ನು ಹೆಚ್ಚಿನವರು ಮರೆತೇಬಿಡುತ್ತಾರೆ. ಸಣ್ಣ ಕಾರಿಗೆ ಬೇಕಾಗುವುದು ಸುಮಾರು 2 ಲೀಟರ್. ಡಬ್ಬಿಯ ಮೇಲಿನ 75ಡಬ್ಲ್ಯು-90ಯಂಥ ಅಂಕಿ ಎಣ್ಣೆಯ ದಪ್ಪ ಹೇಳುತ್ತದೆ. ಅದರ ಜೊತೆಗಿನ ಜಿಎಲ್-4, ಜಿಎಲ್-5 ಎಂಬ ಗುರುತನ್ನೂ ಓದಲೇಬೇಕು. ಜಿಎಲ್-5 ಮುಖ್ಯವಾಗಿ ಡಿಫರೆನ್ಷಿಯಲ್‌ನ ಭಾರೀ ಒತ್ತಡಕ್ಕೆಂದು ಬಂದದ್ದು. ಅದರಲ್ಲಿ ಗಂಧಕ, ರಂಜಕದ ಸಂಯುಕ್ತಗಳು ಹೆಚ್ಚು. ಬಿಸಿಯಾದಾಗ ಇವು ಹಿತ್ತಾಳೆಯನ್ನು ತಿನ್ನಬಹುದು, ರಿಂಗಿನ ಹಿಡಿತವನ್ನೂ ಕೆಡಿಸಬಹುದು. ಅಂಕಿ ಹೆಚ್ಚಿದ್ದರೆ ಒಳ್ಳೆಯ ಎಣ್ಣೆ ಎಂಬ ಅಂಗಡಿ ಮಾತಿಗೆ ಒಪ್ಪಬೇಡಿ. ಕಾರಿನ ಕೈಪಿಡಿಯಲ್ಲಿ ಬರೆದದ್ದನ್ನೇ ಕೇಳಿ ಹಾಕಿಸಿ.

ಎಣ್ಣೆ ಇಳಿಸುವಾಗ ಹತ್ತಿರ ನಿಂತು ನೋಡಿ. ಅನೇಕ ಕಾರುಗಳಲ್ಲಿ ಕೆಳಗಿನ ಡ್ರೈನ್ ಪ್ಲಗ್‌ಗೆ ಅಯಸ್ಕಾಂತ ಇರುತ್ತದೆ. ಅದಕ್ಕೆ ವಿಭೂತಿ ಕಲಸಿದಂಥ ಬೂದು ಪೇಸ್ಟ್ ಮೆತ್ತಿಕೊಂಡಿದ್ದರೆ ಭಯವಿಲ್ಲ, ಅದು ಎಂದಿನ ಸವೆತ. ಉಕ್ಕಿನ ಚೂರು ಸಿಕ್ಕರೆ ಹಲ್ಲೋ ಬೇರಿಂಗೋ ಒಡೆಯುತ್ತಿದೆ ಎಂದರ್ಥ. ಎಣ್ಣೆಯಲ್ಲಿ ಹಳದಿ ಮಿನುಗು ಕಂಡರೆ ಅದು ರಿಂಗಿನ ಹಿತ್ತಾಳೆ.

ಮುಂದಿನ ಸರ್ವೀಸಿಗೆ ಬಿಡುವಾಗ ಒಂದು ಮಾತು ಮರೆಯದೆ ಹೇಳಿ: ಪಕ್ಕದ ಫಿಲ್ಲರ್ ಪ್ಲಗ್ ಬಿಚ್ಚಿಕೊಂಡ ಮೇಲೆಯೇ ಕೆಳಗಿನದನ್ನು ಬಿಚ್ಚಿ ಎಣ್ಣೆ ಇಳಿಸಬೇಕು. ಮೇಲಿನದು ತುಕ್ಕು ಹಿಡಿದು ಬಿಚ್ಚಲಾಗದಿದ್ದರೆ, ಖಾಲಿಯಾದ ಗೇರ್ ಬಾಕ್ಸಿಗೆ ಹೊಸ ಎಣ್ಣೆ ಹಾಕಲು ದಾರಿಯೇ ಇರುವುದಿಲ್ಲ.