ಹರಿಯುವ ನದಿಯನ್ನು ಅಳೆಯುವುದು ಹೇಗೆ?

ಮಳೆಗಾಲ ಬಂತೆಂದರೆ ಪತ್ರಿಕೆಯ ಒಂದು ಮೂಲೆಯಲ್ಲಿ ಜಲಾಶಯಗಳ ಪಟ್ಟಿ ಕಾಣಿಸಿಕೊಳ್ಳುತ್ತದೆ. ಕೆಆರ್‌ಎಸ್, ಕಬಿನಿ, ತುಂಗಭದ್ರಾ, ಆಲಮಟ್ಟಿ. ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಮಂಡ್ಯದ ಕಡೆ ಹಲವರು ಪತ್ರಿಕೆ ಕೈಗೆ ಸಿಕ್ಕೊಡನೆ ಮೊದಲು ಹುಡುಕುವುದೇ ಅದನ್ನು. ಮಳೆ ಕೈಕೊಟ್ಟ ವರ್ಷ ಇನ್ನೊಂದು ಹೆಸರು ಮುಖಪುಟಕ್ಕೇ ಬರುತ್ತದೆ: ಬಿಳಿಗುಂಡ್ಲು. ಕಾವೇರಿ ಕರ್ನಾಟಕ ಬಿಟ್ಟು ತಮಿಳುನಾಡಿಗೆ ಇಳಿಯುವ ಆ ಗಡಿಯಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಅಲ್ಲಿ ವರ್ಷಕ್ಕೆ 192 ಟಿಎಂಸಿ ನೀರು ಹರಿದಿರಬೇಕೆಂದು 2007ರಲ್ಲಿ ಕಾವೇರಿ ನ್ಯಾಯಮಂಡಳಿ ಹೇಳಿತು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು 177.25 ಟಿಎಂಸಿಗೆ ಇಳಿಸಿತು. ತಿಂಗಳವಾರು ಲೆಕ್ಕದಲ್ಲಿ ಜೂನ್‌ಗೆ 9.19, ಆಗಸ್ಟ್‌ಗೆ 45.95. ದಶಮಾಂಶ ಬಿಂದುವಿನ ಆಚೆಗೂ ಎರಡು ಅಂಕಿ.

ಕಲ್ಲುಬಂಡೆ, ಸುಳಿ, ಮರಳುಗುಡ್ಡೆಗಳ ನಡುವೆ ಅಂಕುಡೊಂಕಾಗಿ ಓಡುವ ಒಂದು ಮಹಾನದಿಯನ್ನು ಇಷ್ಟು ನಿಖರವಾಗಿ ಅಳೆಯುವವರು ಯಾರು, ಹೇಗೆ? ಎರಡು ರಾಜ್ಯಗಳು ದಶಕಗಳಿಂದ ಜಗಳವಾಡುತ್ತಿರುವ ಅಂಕಿ ಹುಟ್ಟುವ ಬಗೆ ಪ್ರತಿಯೊಬ್ಬ ಓದುಗನಿಗೂ ಗೊತ್ತಿರಬೇಕು.

ಮೊದಲು ಮಾನಗಳು. ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯೂಸೆಕ್, ಅಂದರೆ ಸುಮಾರು 28.3 ಲೀಟರ್. ನೂರು ಕೋಟಿ ಘನ ಅಡಿ ಒಂದು ಟಿಎಂಸಿ. ಕ್ಯೂಸೆಕ್ ಸೆಕೆಂಡಿಗೆ ಎಷ್ಟು ನೀರು ಎಂಬ ಲೆಕ್ಕ, ಟಿಎಂಸಿ ಒಟ್ಟು ನೀರಿನ ಲೆಕ್ಕ. ಎರಡನ್ನೂ ಕೂಡಿಸುವ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು: 11,574 ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಒಂದೇ ಸಮನೆ ಹರಿದರೆ ಒಂದು ಟಿಎಂಸಿ. 2023ರ ಬರದಲ್ಲಿ 5,000 ಕ್ಯೂಸೆಕ್‌ನಂತೆ 15 ದಿನ ನೀರು ಬಿಡಿ ಎಂದು ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಹೇಳಿತಲ್ಲ, ಅದು ಹೆಚ್ಚುಕಡಿಮೆ ಆರೂವರೆ ಟಿಎಂಸಿ.

ಇನ್ನು ಅಳತೆ. ನದಿಯಲ್ಲಿ ಸುಲಭವಾಗಿ ಅಳೆಯಬಹುದಾದದ್ದು ನೀರಿನ ಮಟ್ಟ ಒಂದೇ. ದಡದಲ್ಲೋ ಸೇತುವೆಯ ಕಂಬಕ್ಕೋ ನಿಲ್ಲಿಸಿದ, ಸೆಂಟಿಮೀಟರ್ ಗೆರೆಗಳಿರುವ ಉದ್ದನೆಯ ಪಟ್ಟಿಗಳನ್ನು ನೀವೂ ನೋಡಿರುತ್ತೀರಿ. ಅದೇ ಗೇಜ್. ಅದರ ಸೊನ್ನೆ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಸರ್ವೆ ಮಾಡಿ ಗೊತ್ತುಮಾಡಿರುತ್ತಾರೆ. ಬೇಸಿಗೆಯಲ್ಲಿ ದಿನಕ್ಕೆ ಕೆಲವು ಸಲ, ಮಳೆಗಾಲದಲ್ಲಿ ಗಂಟೆಗೊಮ್ಮೆ ಅದನ್ನು ಓದಿ ಬರೆದಿಡುತ್ತಾರೆ. ಈಗ ಹಲವು ಕಡೆ ಸೇತುವೆಯ ಕೆಳಗೆ ತೂಗುಹಾಕಿದ ರೇಡಾರ್ ಸೆನ್ಸರ್ ತಾನಾಗಿಯೇ ಮಟ್ಟವನ್ನು ಅಳೆದು ಉಪಗ್ರಹದ ಮೂಲಕ ಕಚೇರಿಗೆ ಕಳಿಸುತ್ತದೆ. ಆದರೂ ಗೇಜ್ ಪಟ್ಟಿಯನ್ನು ತೆಗೆದಿಲ್ಲ. ಸೆನ್ಸರ್ ಹೇಳುವುದು ನಿಜವೇ ಎಂದು ಪರೀಕ್ಷಿಸಲು ಕಣ್ಣಿನ ಓದು ಬೇಕೇ ಬೇಕು.

ಆದರೆ ಮಟ್ಟವೆಂದರೆ ಹರಿವಲ್ಲ. ಹರಿವು ತಿಳಿಯಬೇಕಾದರೆ ನೀರು ಎಷ್ಟು ಅಗಲ, ಎಷ್ಟು ಆಳ, ಎಷ್ಟು ವೇಗ ಎಂಬ ಮೂರೂ ಬೇಕು. ಅದಕ್ಕೆ ಮನುಷ್ಯರು ನೀರಿಗೆ ಇಳಿಯಬೇಕು.

ಈ ಕೆಲಸಕ್ಕೆ ಜಾಗ ಆರಿಸುವುದರಲ್ಲೇ ಅರ್ಧ ಜಾಣ್ಮೆಯಿದೆ. ನದಿ ಒಂದಷ್ಟು ದೂರ ನೇರವಾಗಿ ಹರಿದಿರಬೇಕು, ತಳ ಗಟ್ಟಿಯಾಗಿರಬೇಕು, ಹತ್ತಿರದಲ್ಲಿ ಉಪನದಿ ಸೇರಬಾರದು, ಕೆಳಗಿನ ಅಣೆಕಟ್ಟಿನ ಹಿನ್ನೀರು ಅಲ್ಲಿಗೆ ಮುಟ್ಟಬಾರದು. ಅಂಥ ಕಡೆ ಒಂದು ದಡದಿಂದ ಇನ್ನೊಂದು ದಡಕ್ಕೆ ಅಡ್ಡಗೆರೆಯೊಂದನ್ನು ಗೊತ್ತುಮಾಡಿಕೊಂಡು, ನದಿಯನ್ನು ಇಪ್ಪತ್ತು ಇಪ್ಪತ್ತೈದು ಪಟ್ಟೆಗಳಾಗಿ ಭಾಗಿಸುತ್ತಾರೆ. ಯಾವ ಪಟ್ಟೆಯಲ್ಲೂ ಒಟ್ಟು ಹರಿವಿನ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ನೀರು ಹೋಗದಂತೆ ನೋಡಿಕೊಳ್ಳುತ್ತಾರೆ, ಒಂದು ಕಡೆ ತಪ್ಪಿದರೆ ಇಡೀ ಲೆಕ್ಕ ಕೆಡಬಾರದೆಂದು. ನಂತರ ದೋಣಿಯಲ್ಲೋ, ಸೇತುವೆಯ ಮೇಲಿಂದಲೋ, ನದಿಗೆ ಅಡ್ಡ ಬಿಗಿದ ತಂತಿಯ ತೊಟ್ಟಿಲಿನಲ್ಲೋ ಒಂದೊಂದು ಪಟ್ಟೆಗೂ ಹೋಗಿ ಆಳ ನೋಡುತ್ತಾರೆ, ವೇಗ ನೋಡುತ್ತಾರೆ.

ವೇಗ ಅಳೆಯುವ ಕರೆಂಟ್ ಮೀಟರ್ ಸರಳ ಉಪಕರಣ. ನೀರಿನ ನೂಕಿಗೆ ತಿರುಗುವ ಬಟ್ಟಲುಗಳ ಚಕ್ರ ಅಥವಾ ಪ್ರೊಪೆಲರ್, ಸುತ್ತುಗಳನ್ನು ಎಣಿಸುವ ಒಂದು ಕೌಂಟರ್. ಹರಿವು ಅದನ್ನು ಕೊಚ್ಚಿಕೊಂಡು ಹೋಗದಂತೆ ಕೆಳಗೆ ಮೀನಿನ ಆಕಾರದ ಭಾರದ ಗುಂಡು. ಸೆಕೆಂಡಿಗೆ ಇಷ್ಟು ಸುತ್ತು ಎಂದರೆ ಇಷ್ಟು ವೇಗ ಎಂಬ ಸೂತ್ರ ಪ್ರತಿ ಮೀಟರಿಗೂ ಬೇರೆಬೇರೆ. ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿರುವ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಂಥ ಕಡೆ ನಿಂತ ನೀರಿನ ಉದ್ದನೆಯ ತೊಟ್ಟಿಯಲ್ಲಿ ಮೀಟರನ್ನು ಗೊತ್ತಾದ ವೇಗದಲ್ಲಿ ಎಳೆದು ಆ ಸೂತ್ರವನ್ನು ಕಂಡುಕೊಳ್ಳುತ್ತಾರೆ.

ಮೀಟರನ್ನು ಎಷ್ಟು ಆಳಕ್ಕೆ ಬಿಡಬೇಕು? ನದಿ ಮೇಲಿಂದ ಕೆಳಗಿನವರೆಗೆ ಒಂದೇ ವೇಗದಲ್ಲಿ ಓಡುವುದಿಲ್ಲ. ತಳದ ಕಲ್ಲುಮರಳಿಗೆ ಉಜ್ಜುವಲ್ಲಿ ನೀರು ತೀರ ನಿಧಾನ, ಮೇಲ್ಮೈ ಹತ್ತಿರ ಬಲು ಚುರುಕು. ಮೇಲಿನಿಂದ ಆಳದ ಹತ್ತರಲ್ಲಿ ಆರು ಪಾಲಿನಷ್ಟು ಕೆಳಗೆ ಸಿಗುವ ವೇಗವೇ ಸರಿಸುಮಾರು ಆ ಪಟ್ಟೆಯ ಸರಾಸರಿ ಎಂಬುದು ಬಹುಕಾಲದ ಅನುಭವ. ಆಳ ಹೆಚ್ಚಿದ್ದರೆ ಹತ್ತರಲ್ಲಿ ಎರಡು ಮತ್ತು ಎಂಟು ಪಾಲಿನ ಆಳಗಳಲ್ಲಿ ಅಳೆದು ಸರಾಸರಿ ತೆಗೆಯುತ್ತಾರೆ. ಐದು ಮೀಟರ್ ಅಗಲ, ಮೂರು ಮೀಟರ್ ಆಳದ ಪಟ್ಟೆಯಲ್ಲಿ ನೀರು ಸೆಕೆಂಡಿಗೆ 1.2 ಮೀಟರ್ ಓಡುತ್ತಿದ್ದರೆ ಆ ಒಂದು ಪಟ್ಟೆಯ ಹರಿವು 18 ಘನ ಮೀಟರ್, ಅಂದರೆ ಸುಮಾರು 635 ಕ್ಯೂಸೆಕ್. ಎಲ್ಲ ಪಟ್ಟೆಗಳನ್ನೂ ಕೂಡಿದರೆ ನದಿ. ಅಚ್ಚುಕಟ್ಟಾಗಿ ಮಾಡಿದ ಅಳತೆಯಲ್ಲೂ ನೂರಕ್ಕೆ ಐದರಷ್ಟು ಆಚೀಚೆ ಇದ್ದದ್ದೇ. 5,000 ಕ್ಯೂಸೆಕ್‌ನಲ್ಲಿ ಅದು 250. ವಾದ ಮಾಡುವ ಎರಡೂ ಕಡೆಯವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಒಳ್ಳೆಯದು.

ದೊಡ್ಡ ನದಿಯಲ್ಲಿ ಇಂಥ ಒಂದು ಅಳತೆಗೆ ಗಂಟೆಗಟ್ಟಲೆ ಬೇಕು. ಹಗಲೂ ರಾತ್ರಿ ಗಂಟೆಗೊಮ್ಮೆ ಹೀಗೆ ಅಳೆಯುವುದು ಆಗದ ಮಾತು. ಹಾಗಾಗಿ ಒಂದು ಉಪಾಯ ಮಾಡುತ್ತಾರೆ. ಮಟ್ಟ ಎರಡು ಮೀಟರ್ ಇದ್ದಾಗ ಹರಿವು ಎಷ್ಟಿತ್ತು, ಮೂರಿದ್ದಾಗ ಎಷ್ಟು, ಆರಿದ್ದಾಗ ಎಷ್ಟು ಎಂದು ಬೇರೆಬೇರೆ ಋತುವಿನಲ್ಲಿ ಅಳೆದು, ಆ ಚುಕ್ಕೆಗಳನ್ನೆಲ್ಲ ಹಾಳೆಯ ಮೇಲಿಟ್ಟು, ಅವುಗಳ ನಡುವೆ ಒಂದು ಬಾಗುಗೆರೆ ಎಳೆಯುತ್ತಾರೆ. ಇದಕ್ಕೆ ರೇಟಿಂಗ್ ಕರ್ವ್ ಎನ್ನುತ್ತಾರೆ. ಅದಾದ ಮೇಲೆ ಗೇಜ್ ಓದಿ ಗೆರೆ ನೋಡಿದರೆ ಹರಿವು ಸಿಕ್ಕಿತು. ನಡುರಾತ್ರಿಯ ಒಂದು ಹೊತ್ತಿನಲ್ಲಿ ಇಷ್ಟು ಕ್ಯೂಸೆಕ್ ಹರಿಯಿತು ಎಂಬ ಅಂಕಿ ಸಾಮಾನ್ಯವಾಗಿ ಬಂದಿರುವುದು ಹೀಗೆಯೇ: ಓದಿದ್ದು ಮಟ್ಟ, ಹೇಳಿದ್ದು ಹರಿವು, ನಡುವೆ ಇರುವುದು ಆ ಗೆರೆ.

ನನ್ನ ಪ್ರಕಾರ ಇಡೀ ವ್ಯವಸ್ಥೆಯ ಜೀವ ಇರುವುದು ಈ ಗೆರೆಯಲ್ಲಿ, ಅದರ ದೌರ್ಬಲ್ಯವೂ ಅಲ್ಲೇ. ನದಿ ತನ್ನ ತಳವನ್ನು ಬದಲಿಸುತ್ತಲೇ ಇರುತ್ತದೆ. ಒಂದು ನೆರೆ ಬಂದು ತಳ ಕೊರೆದರೆ, ಹೂಳು ಕೂತರೆ, ಮರಳು ಬಗೆದರೆ, ದಡ ಒತ್ತುವರಿಯಾದರೆ ಹಳೆಯ ಗೆರೆ ಸುಳ್ಳು ಹೇಳತೊಡಗುತ್ತದೆ.

ದೆಹಲಿಯ ಯಮುನೆ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. 2019ರ ಆಗಸ್ಟ್‌ನಲ್ಲಿ ಹರಿಯಾಣದ ಹಥನಿಕುಂಡ್ ಬ್ಯಾರೇಜಿನಿಂದ 8.28 ಲಕ್ಷ ಕ್ಯೂಸೆಕ್ ಹರಿದಾಗ ದೆಹಲಿಯ ಹಳೇ ರೈಲ್ವೆ ಸೇತುವೆಯ ಬಳಿ ನೀರು 206.60 ಮೀಟರ್‌ಗೆ ಏರಿತ್ತು. 2023ರ ಜುಲೈನಲ್ಲಿ ಅದೇ ಬ್ಯಾರೇಜಿನಲ್ಲಿ ಗರಿಷ್ಠ ಹರಿವು 3.59 ಲಕ್ಷ ಕ್ಯೂಸೆಕ್, ಅರ್ಧಕ್ಕಿಂತಲೂ ಕಡಿಮೆ. ಆದರೆ ದೆಹಲಿಯಲ್ಲಿ ನೀರು 208.66 ಮೀಟರ್‌ಗೆ ಏರಿ 1978ರ 207.49 ಮೀಟರ್ ದಾಖಲೆಯನ್ನೂ ಮುರಿಯಿತು. ಹೆಚ್ಚಿನ ಹರಿವು ಎಷ್ಟು ಹೊತ್ತು ಮುಂದುವರಿಯಿತು ಎಂಬುದೂ ಇದರಲ್ಲಿ ಸೇರಿದೆ, ನಗರದೊಳಗೆ ನದಿಯ ಪಾತ್ರ ಇಕ್ಕಟ್ಟಾಗಿ ಹೂಳು ತುಂಬಿದ್ದೂ, ಐಟಿಒ ಬ್ಯಾರೇಜಿನ ಕೆಲವು ಗೇಟುಗಳು ತೆರೆಯದೆ ಸಿಕ್ಕಿಕೊಂಡದ್ದೂ ಸೇರಿವೆ. ಮೇಲೆ ಇಷ್ಟು ಬಿಟ್ಟರೆ ಕೆಳಗೆ ಇಷ್ಟು ಏರುತ್ತದೆ ಎಂಬ ಹಳೆಯ ಅಂದಾಜನ್ನು ನಂಬಿ ಕೂರುವಂತಿಲ್ಲ. ತಳ ತೀರ ಬದಲಾಗದಿದ್ದರೂ ತೊಡಕು ತಪ್ಪಿದ್ದಲ್ಲ: ಒಂದೇ ಮಟ್ಟದಲ್ಲಿ ಏರುತ್ತಿರುವ ನೆರೆ ಇಳಿಯುತ್ತಿರುವ ನೆರೆಗಿಂತ ಹೆಚ್ಚು ನೀರು ಒಯ್ಯುತ್ತದೆ, ಏರುವಾಗ ಮೇಲ್ಮೈಯ ಇಳಿಜಾರು ಕಡಿದಾಗಿರುತ್ತದೆ.

ಆದ್ದರಿಂದ ಗೆರೆಯನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು, ಅದೂ ನೆರೆಯ ಹೊತ್ತಿನಲ್ಲಿ. ದೊಡ್ಡ ನೆರೆ ಅಪರೂಪ. ಅದನ್ನು ಅಳೆದ ಚುಕ್ಕೆಗಳೂ ಅಪರೂಪ. ಗೆರೆಯ ಮೇಲ್ತುದಿ ಬಹಳ ಕಡೆ ಬರೀ ಊಹೆ. ಮರಗಳು ತೇಲಿ ಬರುವ ಕೆಂಪು ನೀರಿಗೆ ದೋಣಿ ಇಳಿಸುವುದು ಜೀವಕ್ಕೆ ಅಪಾಯ. ಆಗ ತೇಲುವ ವಸ್ತುವೊಂದು ಗೊತ್ತಾದ ದೂರ ಸಾಗಲು ಎಷ್ಟು ಹೊತ್ತಾಯಿತು ಎಂದು ನೋಡಿ, ಬಂದ ಮೇಲ್ಮೈ ವೇಗದ ನೂರರಲ್ಲಿ ಸುಮಾರು 85 ಪಾಲನ್ನು ಸರಾಸರಿ ವೇಗವೆಂದು ಹಿಡಿಯುತ್ತಾರೆ. ಸೇತುವೆಯ ಮೇಲಿಂದಲೇ ಮೇಲ್ಮೈ ವೇಗ ಹೇಳುವ ರೇಡಾರ್‌ಗಳಿವೆ. ಎಡಿಸಿಪಿ ಎಂಬ ಉಪಕರಣ ಇನ್ನೂ ಒಂದು ಹೆಜ್ಜೆ ಮುಂದೆ: ಪುಟ್ಟ ತೆಪ್ಪಕ್ಕೆ ಕಟ್ಟಿ ದಡದಿಂದ ದಡಕ್ಕೆ ಎಳೆದರೆ ಅದು ನೀರಿನೊಳಕ್ಕೆ ಶಬ್ದದ ಅಲೆಗಳನ್ನು ಬಿಟ್ಟು, ತೇಲುವ ಕೆಸರಿನ ಕಣಗಳಿಗೆ ತಾಗಿ ಮರಳಿದ ಅಲೆಯ ವ್ಯತ್ಯಾಸದಿಂದ ಪ್ರತಿ ಆಳದ ವೇಗವನ್ನೂ ಲೆಕ್ಕ ಹಾಕುತ್ತದೆ. ಗಂಟೆಗಟ್ಟಲೆಯ ಕೆಲಸ ನಿಮಿಷಗಳಿಗೆ ಇಳಿಯುತ್ತದೆ. ಏನೂ ಅಳೆಯಲಾಗದೆ ನೆರೆ ಇಳಿದುಹೋಗಿದ್ದರೆ ವಿಜ್ಞಾನಿಗಳು ಮರುದಿನ ಗೋಡೆಗಳ ಮೇಲಿನ ಕೆಸರಿನ ಗುರುತು, ಕೊಂಬೆಗೆ ಸಿಕ್ಕಿಕೊಂಡ ಕಸ ಹುಡುಕಿಕೊಂಡು ದಡದುದ್ದಕ್ಕೂ ನಡೆಯುತ್ತಾರೆ. ಆ ಗುರುತುಗಳ ಇಳಿಜಾರು, ಪಾತ್ರದ ಅಗಲ, ತಳದ ಒರಟುತನ ಇವುಗಳಿಂದ ಗರಿಷ್ಠ ಹರಿವನ್ನು ಅಂದಾಜು ಮಾಡುತ್ತಾರೆ. ಸೆನ್ಸರ್ ಕೊಳ್ಳಲು ಹಣ ಸುಲಭವಾಗಿ ಸಿಗುತ್ತದೆ, ನೆರೆಯಲ್ಲಿ ನಿಂತು ಅಳೆಯುವ ತರಬೇತಾದ ಕೈಗಳಿಗೂ ಅಷ್ಟೇ ಹಣ ಬೇಕು. ಮಟ್ಟ ಮಾತ್ರ ಗೊತ್ತಿರುವ ಸೆನ್ಸರ್ ಹಳೆಯ ಗೆರೆಯ ಮೇಲೆ ಕೂತರೆ ತಪ್ಪನ್ನೇ ಬೇಗಬೇಗ ಕಳಿಸುತ್ತದೆ.

ಜಲಾಶಯದ ‘ಒಳಹರಿವು’ ಇನ್ನೊಂದು ಬಗೆಯದು. ಅಣೆಕಟ್ಟಿಗೆ ಬರುವ ನೀರನ್ನು ಎಲ್ಲ ಹೊಳೆಗಳಲ್ಲೂ ಅಳೆದು ಕೂಡಿದ್ದಲ್ಲ ಅದು. ನಿನ್ನೆಗೂ ಇಂದಿಗೂ ಸಂಗ್ರಹ ಎಷ್ಟು ಹೆಚ್ಚಿತು, ಗೇಟು, ನಾಲೆಗಳಿಂದ ಎಷ್ಟು ಹೊರಹೋಯಿತು, ಎಷ್ಟು ಆವಿಯಾಯಿತು ಎಂಬುದರಿಂದ ಹಿಂದಕ್ಕೆ ಹಾಕಿದ ಲೆಕ್ಕ. ಕೆಆರ್‌ಎಸ್ 124.80 ಅಡಿಗೆ ತುಂಬಿದರೆ 49.45 ಟಿಎಂಸಿ ಎನ್ನುವುದು ಮಟ್ಟದಿಂದ ಸಂಗ್ರಹ ಹೇಳುವ ಕೋಷ್ಟಕದ ಕೊನೆಯ ಸಾಲು. ಆ ಕೋಷ್ಟಕವೂ ಹೂಳಿಗೆ ಸಿಕ್ಕಿ ಹಳತಾಗುತ್ತದೆ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಈಗ 105.79ಕ್ಕೆ ಇಳಿದಿರುವುದು ಮತ್ತೆ ಸರ್ವೆ ಮಾಡಿದ್ದರಿಂದಲೇ ತಿಳಿದದ್ದು.

ಇದೇ ವಿದ್ಯೆಯನ್ನು ನಿಮ್ಮೂರಿನ ಹಳ್ಳದಲ್ಲಿ ಮಕ್ಕಳೊಂದಿಗೆ ಮಾಡಿನೋಡಬಹುದು. ನೀರು ಮೊಣಕಾಲಿಗಿಂತ ಮೇಲಿದ್ದರೆ, ಸೆಳೆತ ಜೋರಾಗಿದ್ದರೆ ಇಳಿಯಬೇಡಿ. ಹಳ್ಳ ನೇರವಾಗಿ ಹರಿಯುವ ಕಡೆ ಹತ್ತು ಮೀಟರ್ ಅಳೆದು ಎರಡು ಗೂಟ ನೆಡಿ. ಅಡ್ಡಕ್ಕೆ ಹಗ್ಗ ಕಟ್ಟಿ ಅರ್ಧ ಮೀಟರಿಗೊಮ್ಮೆ ಕೋಲಿನಿಂದ ಆಳ ನೋಡಿ ಸರಾಸರಿ ತೆಗೆಯಿರಿ. ಬಹುಪಾಲು ಮುಳುಗಿ ತೇಲುವ ಕಿತ್ತಳೆ ಹಣ್ಣನ್ನು ಮೇಲಿನ ಗೂಟಕ್ಕಿಂತ ಸ್ವಲ್ಪ ಹಿಂದೆ ನೀರಿಗೆ ಬಿಟ್ಟು, ಗೂಟದಿಂದ ಗೂಟಕ್ಕೆ ಎಷ್ಟು ಸೆಕೆಂಡು ಎಂದು ನಾಲ್ಕಾರು ಸಲ ಎಣಿಸಿ. ಅಗಲ ನಾಲ್ಕು ಮೀಟರ್, ಸರಾಸರಿ ಆಳ 40 ಸೆಂಟಿಮೀಟರ್, ಹಣ್ಣು 20 ಸೆಕೆಂಡಿನಲ್ಲಿ ತಲುಪಿತು ಎಂದುಕೊಳ್ಳಿ. ಮೇಲ್ಮೈ ವೇಗ ಅರ್ಧ ಮೀಟರ್, ಅದರ 0.85 ಪಾಲು 0.425. ಅಡ್ಡಕೊಯ್ತದ ಕ್ಷೇತ್ರಫಲ 1.6 ಚದರ ಮೀಟರ್. ಗುಣಿಸಿದರೆ ಸೆಕೆಂಡಿಗೆ 0.68 ಘನ ಮೀಟರ್, 24 ಕ್ಯೂಸೆಕ್. ಹತ್ತಿರದ ಮೋರಿಯ ಗೋಡೆಗೆ ಬಣ್ಣದಲ್ಲಿ ಸೆಂಟಿಮೀಟರ್ ಗೆರೆ ಬರೆದು, ಅಂದಿನ ಮಟ್ಟವನ್ನೂ ಈ ಅಂಕಿಯನ್ನೂ ಒಂದು ನೋಟುಬುಕ್ಕಿನಲ್ಲಿ ಜೋಡಿಯಾಗಿ ಬರೆದಿಡಿ. ನೀರು ಏರಿದಾಗ, ಇಳಿದಾಗ, ಬತ್ತುವ ಮುನ್ನ ಹೀಗೆ ಎಂಟು ಹತ್ತು ಜೋಡಿ ಕೂಡಿದರೆ ನಿಮ್ಮ ಹಳ್ಳದ ಗೆರೆ ಸಿದ್ಧ. ಅಲ್ಲಿಂದ ಮುಂದೆ ಮೋರಿಯ ಮೇಲೆ ನಿಂತು ಮಟ್ಟ ಓದಿದರೆ ಸಾಕು; ಜೋರು ಮಳೆ ಹುಯ್ದು ಹಳ್ಳದ ತಳ ಬದಲಾದರೆ ಕಿತ್ತಳೆ ಹಿಡಿದು ಮತ್ತೆ ಇಳಿಯಬೇಕು.