ದೂತ ಒಬ್ಬ, ಅರ್ಥ ಹಲವು

ಬೀದಿಯ ತಿರುವಿನಲ್ಲಿ ನಾಯಿಯೊಂದು ಬೊಗಳುತ್ತ ನಿಮ್ಮ ಮೇಲೆ ಹಠಾತ್ತನೆ ಎರಗಿತೆಂದು ಇಟ್ಟುಕೊಳ್ಳಿ. ಎದೆ ಡವಡವನೆ ಹೊಡೆದುಕೊಳ್ಳುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ, ಕಾಲುಗಳಿಗೆ ಎಲ್ಲಿಲ್ಲದ ಬಲ ಬರುತ್ತದೆ. ಅಪಾಯ ಕಳೆದು, ಮನೆ ಸೇರಿ, ಕುರ್ಚಿಯಲ್ಲಿ ಕುಳಿತು ಯೋಚಿಸಿದರೆ ಇದೊಂದು ಸೋಜಿಗವೆನಿಸುತ್ತದೆ. ಮುಖ ಬಿಳಿಚಿತೆಂದರೆ ಚರ್ಮದ ರಕ್ತನಾಳಗಳು ಬಿಗಿದುಕೊಂಡವೆಂದು ಅರ್ಥ. ಕಾಲಿಗೆ ಬಲ ಬಂದಿತೆಂದರೆ ಅಲ್ಲಿಯ ರಕ್ತನಾಳಗಳು ಸಡಿಲಗೊಂಡು ಹೆಚ್ಚು ರಕ್ತ ಹರಿಯಿತೆಂದು ಅರ್ಥ. ಹೃದಯವಂತೂ ಬಲವಾಗಿಯೂ ಬೇಗಬೇಗನೆಯೂ ಬಡಿಯಿತು. ಈ ಮೂರು ಕಡೆಗೂ ಹೋದ ದೂತ ಒಬ್ಬನೇ: ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಪುಟ್ಟ ಗ್ರಂಥಿಗಳು ರಕ್ತಕ್ಕೆ ಬಿಡುವ ಅಡ್ರಿನಲಿನ್ ಎಂಬ ರಸ. ನರಗಳ ತುದಿಯಿಂದ ಹೊರಡುವ ಅದರ ಸೋದರ ರಸವೊಂದು ಅದಕ್ಕೆ ಕೈಜೋಡಿಸುತ್ತದೆ. ಒಂದೇ ಮಾತನ್ನು ಕೇಳಿ ಒಬ್ಬ ಬಿಗಿದುಕೊಂಡ, ಇನ್ನೊಬ್ಬ ಸಡಿಲಿಸಿದ, ಮತ್ತೊಬ್ಬ ಓಡತೊಡಗಿದ! ಇದೆಂತು?

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವನು. ವೈದ್ಯ ನನ್ನ ಕಸುಬಲ್ಲ. ಆದರೆ ಕಳೆದ ವರ್ಷ ನನ್ನ ಹೃದಯವೇ ನನ್ನನ್ನು ಈ ಪಾಠಕ್ಕೆ ಕೂರಿಸಿತು. ಆ ಕಥೆಯನ್ನು ಕೊನೆಗೆ ಹೇಳುತ್ತೇನೆ. ಸದ್ಯಕ್ಕೆ ನನ್ನ ತರಗತಿಯಿಂದಲೇ ಒಂದು ಉದಾಹರಣೆ. ನೀರು ಹರಿಯಿತು ಎನ್ನುತ್ತೇವೆ, ಬಟ್ಟೆ ಹರಿಯಿತು ಎನ್ನುತ್ತೇವೆ. ಹರಿ ಎಂದು ಕೈಮುಗಿದರೆ ಅವನು ವಿಷ್ಣು. ಸಂಸ್ಕೃತ ಕೋಶವನ್ನು ತೆರೆದರೆ ಸಿಂಹವೂ ಹರಿ, ಕಪಿಯೂ ಹರಿ. ಶಬ್ದ ಒಂದೇ, ಅರ್ಥವಿರುವುದು ಅದು ಬಂದು ಸೇರಿದ ವಾಕ್ಯದಲ್ಲಿ. ಶರೀರದ ಸಮಾಚಾರವೂ ಹೀಗೆಯೇ.

ಇದನ್ನು ಮೊದಲು ಸ್ಪಷ್ಟವಾಗಿ ಕಂಡವರು ಅಮೆರಿಕದ ಜಾರ್ಜಿಯಾ ಪ್ರಾಂತದ ರೇಮಂಡ್ ಆಲ್‌ಕ್ವಿಸ್ಟ್ ಎಂಬ ವಿಜ್ಞಾನಿ. ಬಿಗಿಯುವುದಕ್ಕೆ ಒಬ್ಬ ದೂತ, ಸಡಿಲಿಸುವುದಕ್ಕೆ ಇನ್ನೊಬ್ಬ ದೂತ ಇರಬೇಕೆಂದು ಅಂದಿನ ಪಂಡಿತರು ನಂಬಿದ್ದರು. ಆಲ್‌ಕ್ವಿಸ್ಟ್ 1948ರಲ್ಲಿ ಬೇರೆಯೇ ಮಾತನ್ನಾಡಿದರು: ಎರಡು ಬಗೆ ಇರುವುದು ದೂತರಲ್ಲಿ ಅಲ್ಲ, ಕೇಳುವವರಲ್ಲಿ. ಜೀವಕೋಶದ ಹೊರಮೈಯಲ್ಲಿ ಈ ರಸವನ್ನು ಹಿಡಿಯುವ ಗ್ರಾಹಿಗಳುಂಟು. ಅವುಗಳಲ್ಲಿ ಒಂದು ಜಾತಿಗೆ ಆಲ್ಫಾ ಎಂದೂ ಇನ್ನೊಂದಕ್ಕೆ ಬೀಟಾ ಎಂದೂ ಅವರು ಹೆಸರಿಟ್ಟರು. ಬಾನುಲಿಯ ಅಲೆ ಊರಿನ ಎಲ್ಲ ಗೋಡೆಗಳಿಗೂ ತಾಗುತ್ತದೆ; ಪೆಟ್ಟಿಗೆಯಿದ್ದ ಮನೆಯಲ್ಲಿ ಮಾತ್ರ ಹಾಡು ಕೇಳಿಸುತ್ತದೆಯಲ್ಲವೆ? ಹಾಗೆ. ಚರ್ಮದ ರಕ್ತನಾಳಗಳಲ್ಲಿ ಆಲ್ಫಾ ಹೆಚ್ಚು, ಹೃದಯದಲ್ಲಿ ಬೀಟಾ ಹೆಚ್ಚು, ಕಾಲಿನ ಸ್ನಾಯುಗಳ ನಾಳಗಳಲ್ಲಿ ಬೀಟಾದ ಇನ್ನೊಂದು ಒಳಜಾತಿ ಹೆಚ್ಚು. ಆಲ್‌ಕ್ವಿಸ್ಟರ ಮಾತಿಗೆ ಅನೇಕ ವರ್ಷ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ.

ಇನ್ನು ಮನೆಯ ಒಳಗೆ ನಡೆಯುವುದನ್ನು ನೋಡೋಣ. ಅಡ್ರಿನಲಿನ್ ಒಳಕ್ಕೆ ಕಾಲಿಡುವುದೇ ಇಲ್ಲ. ಬಾಗಿಲಲ್ಲಿ ನಿಂತು ಗ್ರಾಹಿಯನ್ನು ತಟ್ಟುತ್ತದೆ, ಅಷ್ಟೆ. ಗ್ರಾಹಿ ಕೊಂಚ ಬಾಗುತ್ತದೆ. ಅದರ ಒಳಬದಿಗೆ ತಗುಲಿದ ಜಿ ಪ್ರೋಟೀನು ಕದಲುತ್ತದೆ. ಅದು ಒಂದು ಕಿಣ್ವವನ್ನು ಎಚ್ಚರಿಸುತ್ತದೆ. ಆ ಕಿಣ್ವವು ಸೈಕ್ಲಿಕ್ ಎ.ಎಂ.ಪಿ. ಎಂಬ ಪುಟ್ಟ ಅಣುಗಳನ್ನು ಬೇಗಬೇಗನೆ ಹೊಸೆದು ಕೋಶದ ಒಳಗೆಲ್ಲ ಹರಡುತ್ತದೆ. ಇದು ಎರಡನೆಯ ದೂತ. ಇದನ್ನು ಕಂಡುಹಿಡಿದ ಅರ್ಲ್ ಸದರ್‌ಲೆಂಡರಿಗೆ 1971ರಲ್ಲಿ ನೊಬೆಲ್ ಬಹುಮಾನ ಬಂದಿತು. ಗ್ರಾಹಿಗಳ ಒಳಗುಟ್ಟನ್ನು ಬಿಡಿಸಿದ ರಾಬರ್ಟ್ ಲೆಫ್ಕೊವಿಟ್ಸ್ ಮತ್ತು ಬ್ರಯಾನ್ ಕೊಬಿಲ್ಕ ಅವರಿಗೆ 2012ರಲ್ಲಿ ಬಂದಿತು.

ಆದರೆ ಸ್ನಾಯುವನ್ನು ನಿಜವಾಗಿ ಬಿಗಿಯುವ ಕೈ ಬೇರೊಂದು. ಅದು ಸುಣ್ಣದ ಸತ್ತ್ವ, ಎಂದರೆ ಕ್ಯಾಲ್ಸಿಯಂ. ಇದು ತಿಳಿದದ್ದು ಒಂದು ತಪ್ಪಿನಿಂದ. 1880ರ ದಶಕದಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಎಂಬ ವೈದ್ಯರು ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಮಿಡಿಸುತ್ತಿದ್ದರು. ಆ ದ್ರಾವಣವನ್ನು ಶುದ್ಧವಾದ ಬಟ್ಟಿಯಿಳಿಸಿದ ನೀರಿನಲ್ಲಿ ಮಾಡಿದೆಯೆಂದು ಅವರು ತಿಳಿದಿದ್ದರು. ವಾಸ್ತವವಾಗಿ ಅದು ನಲ್ಲಿಯ ನೀರಾಗಿತ್ತು. ಬಟ್ಟಿಯಿಳಿಸಿದ ನೀರನ್ನು ಬಳಸಿದೊಡನೆ ಮಿಡಿತ ಕುಗ್ಗಿ ನಿಂತಿತು. ನಲ್ಲಿಯ ನೀರಿನಲ್ಲಿದ್ದ ಕ್ಯಾಲ್ಸಿಯಮ್ಮೇ ಹೃದಯವನ್ನು ನಡೆಸುತ್ತಿತ್ತೆಂದು 1883ರಲ್ಲಿ ಅವರು ಪ್ರಕಟಿಸಿದರು.

ಕೋಶದ ಹೊರಗೆ ಇರುವ ಕ್ಯಾಲ್ಸಿಯಂ ಒಳಗಿರುವುದಕ್ಕಿಂತ ಸುಮಾರು ಹತ್ತು ಸಾವಿರ ಪಾಲು ಹೆಚ್ಚು. ಪ್ರತಿ ಮಿಡಿತಕ್ಕೂ ತೂಬು ತೆರೆದು ಒಂದಿಷ್ಟು ಒಳನುಗ್ಗುತ್ತದೆ, ಅದನ್ನು ಕಂಡು ಒಳಗಿನ ಕಣಜವೂ ತನ್ನ ಸಂಗ್ರಹವನ್ನು ಸುರಿಯುತ್ತದೆ, ಸ್ನಾಯು ಬಿಗಿಯುತ್ತದೆ. ಮರುಕ್ಷಣ ಎಲ್ಲವನ್ನೂ ಹಿಂದಕ್ಕೆ ಎಳೆದುಕೊಂಡಾಗ ಸಡಿಲುತ್ತದೆ. ಎರಡನೆಯ ದೂತನು ಹೃದಯದಲ್ಲಿ ಈ ತೂಬನ್ನು ಅಗಲ ಮಾಡುತ್ತಾನೆ, ಎಳೆದುಕೊಳ್ಳುವುದನ್ನೂ ಚುರುಕುಗೊಳಿಸುತ್ತಾನೆ. ಹೀಗಾಗಿ ಮಿಡಿತ ಬಲವಾಗುತ್ತದೆ. ಅದೇ ದೂತನು ಕಾಲಿನ ರಕ್ತನಾಳದಲ್ಲಿ ಕ್ಯಾಲ್ಸಿಯಮ್ಮಿನ ಕೈಯನ್ನೇ ಕುಗ್ಗಿಸುತ್ತಾನೆ, ನಾಳ ಸಡಿಲುತ್ತದೆ. ಚರ್ಮದ ನಾಳದಲ್ಲಿ ಆಲ್ಫಾ ಗ್ರಾಹಿಯು ಬೇರೊಬ್ಬ ದೂತನನ್ನು ಕಳುಹಿಸಿ ಕಣಜದ ಬಾಗಿಲು ತೆಗೆಸುತ್ತದೆ, ನಾಳ ಬಿಗಿಯುತ್ತದೆ. ನೋಡಿದಿರಾ, ಒಳಗಿನ ದೂತನ ಮಾತಿಗೂ ಮನೆಮನೆಗೆ ಅರ್ಥ ಬೇರೆ!

ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಆಲ್‌ಕ್ವಿಸ್ಟರ ಲೇಖನವನ್ನು ಓದಿದರು. ಹೃದಯಶೂಲೆಯ ರೋಗಿಗೆ ಹೆಚ್ಚು ರಕ್ತ ಒದಗಿಸಬೇಕೆಂದು ಎಲ್ಲರೂ ಹೆಣಗುತ್ತಿದ್ದಾಗ ಅವರಿಗೆ ತೋಚಿದ್ದು ಇದು: ಹೃದಯದ ದುಡಿಮೆಯನ್ನೇ ಏಕೆ ತಗ್ಗಿಸಬಾರದು? ಬೀಟಾ ಗ್ರಾಹಿಯಲ್ಲಿ ಹೊಕ್ಕು ಕುಳಿತು, ತಾನೂ ತಿರುಗದೆ ಅಡ್ರಿನಲಿನ್ನಿಗೂ ಎಡೆಗೊಡದ ಕೀಲಿಯೊಂದನ್ನು ಅವರು ಹುಡುಕಿದರು. 1964ರಲ್ಲಿ ಪ್ರಕಟವಾದ ಪ್ರೊಪ್ರನೊಲಾಲ್ ಅಂಥದು. 1988ರಲ್ಲಿ ಅವರೂ ನೊಬೆಲ್ ಪಡೆದರು.

ಈಗ ನನ್ನ ಕಥೆ. ಶಾಲೆಯ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಳ್ಳುತ್ತಿತ್ತು. ವೈದ್ಯರು ಬೀಟಾ ತಡೆಯುವ ಮಾತ್ರೆಯನ್ನು ಬರೆದುಕೊಟ್ಟರು. ನಾಲ್ಕು ತಿಂಗಳಲ್ಲಿ ನೋವು ಮಾಯವಾಯಿತು. ಗುಣವಾದ ಮೇಲೆ ಮದ್ದೇಕೆ ಎಂದು, ಮನೆಯಾಕೆ ಬೇಡವೆಂದರೂ ಕೇಳದೆ, ನಾನೇ ನಿಲ್ಲಿಸಿಬಿಟ್ಟೆ. ನಾಲ್ಕನೆಯ ದಿನ ತರಗತಿಯಲ್ಲಿ ಹುಡುಗನೊಬ್ಬ ಪುಸ್ತಕಗಳ ಕಟ್ಟನ್ನು ಕೆಳಗೆ ಬೀಳಿಸಿದ. ಆ ಸದ್ದಿಗೆ ನನ್ನೆದೆ ನಗಾರಿಯಾಯಿತು. ನೋವು ಎಂದೂ ಇಲ್ಲದಷ್ಟು ಒತ್ತಿಬಂದಿತು. ಹುಡುಗರೇ ನನ್ನನ್ನು ಆಟೋದಲ್ಲಿ ಕೂರಿಸಿ ಕರೆದೊಯ್ದರು. ಉಳಿದುಕೊಂಡೆ.

ಆದದ್ದೇನೆಂದು ಆಮೇಲೆ ತಿಳಿಯಿತು. ತಿಂಗಳುಗಟ್ಟಲೆ ಬಾಗಿಲಿಗೆ ಅಗುಳಿ ಹಾಕಿದ್ದರೆ ಒಳಗಿನ ಕೋಶ ಸುಮ್ಮನಿರುವುದಿಲ್ಲ. ಮಾತು ಕೇಳಿಸುತ್ತಿಲ್ಲವೆಂದು ಗ್ರಾಹಿಗಳ ಸಂಖ್ಯೆಯನ್ನೇ ಹೆಚ್ಚಿಸಿಕೊಳ್ಳುತ್ತದೆ. ಅಂಥ ಸಮಯದಲ್ಲಿ ಅಗುಳಿಯನ್ನು ಒಮ್ಮೆಗೇ ತೆಗೆದರೆ, ಎಂದಿನ ಪಿಸುಮಾತೂ ಕೂಗಾಗಿ ಕೇಳಿಸುತ್ತದೆ. ಹೃದಯಾಘಾತವೇ ಆಗಬಹುದು. ಆದುದರಿಂದ ಈ ಮಾತ್ರೆಯನ್ನು ನಿಲ್ಲಿಸಬೇಕಾದರೆ ವೈದ್ಯರೇ ಸ್ವಲ್ಪಸ್ವಲ್ಪವಾಗಿ ಇಳಿಸುತ್ತ ನಿಲ್ಲಿಸಬೇಕು. ಉಬ್ಬಸವುಳ್ಳವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ಶ್ವಾಸನಾಳವನ್ನು ಸಡಿಲಿಸುವ ಗ್ರಾಹಿಯೂ ಬೀಟಾದ ಜಾತಿಯೇ, ಅದು ಮುಚ್ಚಿದರೆ ಉಸಿರು ಕಟ್ಟೀತು. ಪಕ್ಕದ ಮನೆಯವರಿಗೆ ಒಗ್ಗಿದ ಮಾತ್ರೆಯನ್ನು ನೀವು ನುಂಗಲಾಗದೆಂಬುದೂ ಇದರಿಂದಲೇ ತಿಳಿಯುತ್ತದೆ.

ಸಂದರ್ಭ ನೋಡದೆ ಅರ್ಥ ಹೇಳಬೇಡಿರೆಂದು ಹುಡುಗರಿಗೆ ಮೂವತ್ತು ವರ್ಷದಿಂದ ಹೇಳುತ್ತ ಬಂದವನು ನಾನು. ನೋವಿಲ್ಲವೆಂಬುದಕ್ಕೆ ರೋಗವಿಲ್ಲವೆಂದು ಅರ್ಥ ಮಾಡಿ ಆ ಪಾಠದಲ್ಲಿ ನಾನೇ ತಪ್ಪಿದೆ. ನೀವು ತಪ್ಪಬೇಡಿ.