ಲಿಥಿಯಂ ಲೋಹವೂ ಬೃಹದ್ವಿದ್ಯುತ್ಕೋಶಗಳೂ

ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಸ್ಫುಟವಾಗಿ ಕೊರೆಯಲ್ಪಟ್ಟಿರುವುದು ವಾಚಕರಿಗೆ ವಿದಿತವೇ ಸರಿ. 1915ರಲ್ಲಿ ಆ ಶಾಸನವನ್ನು ಕಂಡ ಬೀಡನ್ ಎಂಬಾತನು ಲಿಪಿಜ್ಞನಲ್ಲ, ಚಿನ್ನದ ಗಣಿಯ ಎಂಜಿನಿಯರು. ಹಟ್ಟಿಯಿಂದ ಮಸ್ಕಿಯ ಕಡೆಗೆ ಹಬ್ಬಿರುವ ಆ ಶಿಲಾಶ್ರೇಣಿಯು ಇಂದು ಬೇರೊಂದು ಲೋಹಕ್ಕಾಗಿಯೂ ಶೋಧಿಸಲ್ಪಡುತ್ತಿದೆ. ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದ ಪ್ರಾಂತದ ಪೆಗ್ಮಟೈಟ್ ಶಿಲೆಗಳಲ್ಲಿ ಲಿಥಿಯಂ ಇರುವುದು ತಿಳಿದುಬಂದಿದೆ. ಆದಕಾರಣ ಈ ಲೋಹದ ಗುಣದೋಷಗಳನ್ನರಿಯುವುದು ಆ ಸೀಮೆಯವರಿಗೆ ಉಚಿತವಾಗಿದೆ.

1817ರಲ್ಲಿ ಅರ್ಫ್‌ವೆಡ್‌ಸನ್ ಎಂಬ ವಿದ್ವಾಂಸನು ಇದನ್ನು ಖನಿಜವೊಂದರಲ್ಲಿ ಕಂಡನು. ಗ್ರೀಕರು ಕಲ್ಲಿಗೆ ‘ಲಿಥೋಸ್’ ಎನ್ನುವರಾದ್ದರಿಂದ ಈ ಹೆಸರು. ಕಲ್ಲಿನ ಹೆಸರುಳ್ಳ ಈ ಲೋಹವು ನೀರಿನ ಮೇಲೆ ತೇಲುವಷ್ಟು ಹಗುರವೆಂಬುದು ವಿನೋದಕರ. ಒಂದು ಗ್ರಾಂ ಸತುವು 0.82 ಆಂಪಿಯರ್-ಗಂಟೆಯಷ್ಟು ವಿದ್ಯುತ್ತನ್ನು ಕೊಟ್ಟರೆ, ಲಿಥಿಯಂ 3.86ನ್ನು ಕೊಡುತ್ತದೆ.

ವಿದ್ಯುತ್ಕೋಶಗಳು ಎರಡು ಬಗೆ. ಟ್ರ್ಯಾಕ್ಟರಿನ ಸೀಸದ ಬ್ಯಾಟರಿಯು ಪುನಃಪೂರಣೀಯ. ಪ್ರಕೃತ ವಿಷಯವಾದವು ಒಮ್ಮೆ ಮಾತ್ರ ವ್ಯಯವಾಗತಕ್ಕವು. ಇವನ್ನು ಸಕೃದ್ಭೋಗ್ಯಗಳೆಂದರೆ ಸಲ್ಲುತ್ತದೆ. ಇವುಗಳಲ್ಲಿ ಥಯೋನಿಲ್ ಕ್ಲೋರೈಡ್ ಎಂಬ ದ್ರವವನ್ನುಳ್ಳ ಕೋಶವು ಅಗ್ರಗಣ್ಯ. ಅದರ ಒತ್ತಡ 3.6 ವೋಲ್ಟು. ಸೀಸದ ಬ್ಯಾಟರಿಯು ಕಿಲೋಗ್ರಾಮಿಗೆ 30–40 ವಾಟ್-ಗಂಟೆ ಕೊಡುವಲ್ಲಿ ಇದು ಮಂದಪ್ರವಾಹದಲ್ಲಿ 500ನ್ನೂ ಮೀರಬಲ್ಲುದು. ಲೋಹವೂ ದ್ರವವೂ ಸ್ಪರ್ಶಿಸಿದೊಡನೆ ಲಿಥಿಯಂ ಕ್ಲೋರೈಡಿನ ತೆಳುಪೊರೆಯೊಂದು ಲೋಹವನ್ನಾವರಿಸುತ್ತದೆ. ಈ ಪೊರೆಯೇ ರಕ್ಷಕ. ಇದರಿಂದಲೇ ಕೋಶವು ಹತ್ತಾರು ವರ್ಷ ಕೆಡದೆ ನಿಲ್ಲುತ್ತದೆ. ಬಹುಕಾಲ ಸುಮ್ಮನಿದ್ದ ಕೋಶದಿಂದ ಒಮ್ಮೆಲೇ ಪ್ರವಾಹವನ್ನು ಬೇಡಿದರೆ ಒತ್ತಡವು ಕ್ಷಣಕಾಲ ಕುಸಿಯುವುದಕ್ಕೂ ಇದೇ ಕಾರಣ. 1997ರಲ್ಲಿ ಮಂಗಳಗ್ರಹದ ಮೇಲೆ ಚಲಿಸಿದ ಸೋಜರ್ನರ್ ಯಂತ್ರವು ಇಂತಹ ಕೋಶಗಳನ್ನು ಹೊತ್ತಿತ್ತು. ಅಮೆರಿಕದ ಮಿನಿಟ್‌ಮನ್ ಕ್ಷಿಪಣಿಗಳ ನೆಲೆಗಳಿಗಾಗಿ 10,000 ಆಂಪಿಯರ್-ಗಂಟೆಯ ಕೋಶಗಳೇ ನಿರ್ಮಿತವಾದವು.

ಆದರೆ ಯಾವುದು ಶಕ್ತಿಗೆ ಮೂಲವೋ ಅದೇ ಅಪಾಯಕ್ಕೂ ಮೂಲ. ಕೋಶದ ಅಳತೆಗಳನ್ನು ಇಮ್ಮಡಿಸಿದರೆ ಗಾತ್ರವು ಎಂಟು ಮಡಿಯಾಗುವುದು, ಹೊರಮೈ ನಾಲ್ಕು ಮಡಿ ಮಾತ್ರ. ಒಳಗಿನ ಉಷ್ಣಕ್ಕೆ ಹೊರಬರುವ ದಾರಿ ಸಾಲದು. ತಂತಿಗಳು ಪರಸ್ಪರ ತಗಲಿ ಕೋಶವು ಕಾದು, 180.5 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಲಿಥಿಯಂ ಕರಗಿತೆಂದರೆ ರಕ್ಷಕವಾದ ಪೊರೆಯೂ ನಿರರ್ಥಕ. ಆದುದರಿಂದ ದೊಡ್ಡ ಕೋಶಗಳಿಗೆ ಅನಿಲವನ್ನು ಹೊರಬಿಡುವ ರಂಧ್ರ, ಫ್ಯೂಸು, ಹಿಮ್ಮುಖ ಪ್ರವಾಹವನ್ನು ತಡೆಯುವ ಡಯೋಡುಗಳನ್ನು ಅಳವಡಿಸುವರು. ಚಿಕ್ಕದಾದರೂ ಉಪೇಕ್ಷಿಸಲಾಗದು: 2013ರ ಜುಲೈ 12ರಂದು ಲಂಡನ್ನಿನ ಹೀಥ್ರೋದಲ್ಲಿ ನಿಂತಿದ್ದ ಇಥಿಯೋಪಿಯದ ವಿಮಾನವೊಂದು, ಸಂಕಟಸೂಚಕ ಯಂತ್ರದೊಳಗಣ ಲಿಥಿಯಂ-ಮ್ಯಾಂಗನೀಸ್ ಕೋಶದಿಂದ ಹೊತ್ತಿಕೊಂಡಿತು. ಮುಚ್ಚಳದಡಿ ಸಿಕ್ಕಿಕೊಂಡ ತಂತಿಗಳ ಸಂಸರ್ಗವೇ ಕಾರಣವೆಂದು ತನಿಖೆಯವರು ಅಭಿಪ್ರಾಯಪಟ್ಟರು.

ಪ್ರವಾಹ ನಿಂತಿತೆಂದ ಮಾತ್ರಕ್ಕೆ ಕೋಶವು ನಿರ್ಜೀವವೆಂದು ತಿಳಿಯಲಾಗದು. ಲೋಹದ ಶೇಷವೂ ದ್ರವವೂ ಒಳಗಿರಬಹುದು. ತೇವ ತಗಲಿದರೆ ಆ ದ್ರವವು ಹೈಡ್ರೊಕ್ಲೋರಿಕ್ ಆಮ್ಲವನ್ನೂ ಗಂಧಕದ ಡಯಾಕ್ಸೈಡನ್ನೂ ಉಗುಳುತ್ತದೆ. ಸೀಸಕ್ಕಾಗಿ ಹಳೆಯ ಬ್ಯಾಟರಿಯನ್ನು ಒಡೆಯುವ ಅಭ್ಯಾಸವುಳ್ಳವರು ಇದನ್ನೂ ಒಡೆದರೆ ಕಣ್ಣಿಗೂ ಶ್ವಾಸಕ್ಕೂ ಹಾನಿ ತಪ್ಪದು. ಸಿಂಧನೂರಿನ ಗುಜರಿ ಅಂಗಡಿಯಾಗಲಿ, ಲಿಂಗಸೂಗೂರಿನ ಕಾರ್ಯಾಗಾರವಾಗಲಿ, ಸಕೃದ್ಭೋಗ್ಯ ಕೋಶವನ್ನು ಪುನಃ ಪೂರಣಮಾಡತಕ್ಕದ್ದಲ್ಲ, ಬೆಂಕಿಗೆ ಹಾಕತಕ್ಕದ್ದಲ್ಲ, ಒಡೆಯತಕ್ಕದ್ದಲ್ಲ. ಅದರ ತುದಿಗಳಿಗೆ ಅಂಟುಪಟ್ಟಿಯನ್ನು ಸುತ್ತಿ ಒಣಗಿದ ಸ್ಥಳದಲ್ಲಿ ಬೇರೆಯಾಗಿಡತಕ್ಕದ್ದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು, ಬಳಸಿದ ಕೋಶಗಳನ್ನು ಹಿಂದಕ್ಕೆ ಸಂಗ್ರಹಿಸುವ ಹೊಣೆಯನ್ನು ಉತ್ಪಾದಕರ ಮೇಲೆಯೇ ಹೊರಿಸಿವೆ.